ಡ್ಯಾನ್ಸ್ ಕ್ಲಾಸಿನಲ್ಲಿ "ಇದು ನನ್ನ ಜಾಗ" ಅಂದರೆ ಏನು ಮಾಡ್ತೀರಿ?

ಕೊನೇಸಾಲು:

ಒಂದೂವರೆ ತಿಂಗಳಿಂದ ಜುಂಬಾ ಕ್ಲಾಸಿಗೆ ಹೋಗುತ್ತಿದ್ದೇನೆ. ವಾರಕ್ಕೆ 3 ದಿನ, ಒಂದೊಂದು ಗಂಟೆ. ಶುರುವಿನಲ್ಲಿ ನಾಚಿಕೆ. ಹಾಗಾಗಿ ಕೊನೇ ಸಾಲಿನ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ. ಅಲ್ಲಿಂದ ಟ್ರೈನರ್ ಕಾಲು ಕಾಣುವುದೇ ಇಲ್ಲ. ಕಾಣುವುದೆಲ್ಲ ಮುಂದಿನವರ ಬೆನ್ನು ಮತ್ತು ಜುಟ್ಟು. ಅವರು ಎಡಕ್ಕೆ ಹೋದರು ಅಂತ ಗೊತ್ತಾಗುವಷ್ಟರಲ್ಲಿ ಬಲಕ್ಕೆ ಬಂದಿರುತ್ತಾರೆ.

ಮೊನ್ನೆ 10 ನಿಮಿಷ ಮುಂಚೆ ಹೋಗಿ ಎರಡನೇ ಸಾಲಿನ ನಡುವೆ ನಿಂತೆ. ನೀರಿನ ಬಾಟಲಿ ಪಕ್ಕದಲ್ಲಿಟ್ಟು ಶೂ ಲೇಸ್ ಕಟ್ಟುತ್ತಿದ್ದೆ. ಒಬ್ಬರು ಬಂದು ಬಾಟಲಿಯನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿ, "ಇದು ನನ್ನ ಜಾಗಮ್ಮ, ನಾಲ್ಕು ವರ್ಷದಿಂದ ಇಲ್ಲೇ ನಿಲ್ಲೋದು" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದರು. ಅದೇ ಜಾಸ್ತಿ ಚುಚ್ಚಿತು. ನಾನು "ಸಾರಿ ಅಕ್ಕಾ" ಅಂದು ಮತ್ತೆ ಮೂಲೆಗೆ ಹೋದೆ. ಮನೆಗೆ ಬಂದ ಮೇಲೆ ಯೋಚನೆ ಶುರುವಾಯಿತು. ಸಾರಿ ನಾನ್ಯಾಕೆ ಕೇಳಿದೆ?

ಇಂಥ ಕ್ಲಾಸುಗಳಲ್ಲಿ ಖಾಯಂ ಜಾಗ ಅಂತ ನಿಜವಾಗಿಯೂ ಇರುತ್ತಾ? ಹೊಸಬರಿಗೆ ಯಾರೂ ಬಾಯಿಬಿಟ್ಟು ಹೇಳದ ರೂಲ್ಸ್ ಇನ್ನೇನಿವೆ? ತಿಳಿದವರು ಹೇಳಿ.

ಎಂಟರ_ಎಣಿಕೆ:

ಜಾಗದ ಮಾತು ಆಮೇಲೆ. ಇನ್ನೊಬ್ಬರು ಕುಡಿಯುವ ನೀರಿನ ಬಾಟಲಿಗೆ ಕಾಲು ಹಚ್ಚಿದರಲ್ಲ, ನನಗೆ ಅದೇ ಸಹಿಸೋಕಾಗ್ತಿಲ್ಲ.

ಮುಂದಿನ_ಸಾಲಿನವಳು:

ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ನಾನೂ ಅಂಥ ಖಾಯಂ ಗಿರಾಕಿಯೇ.

ಜಾಗ ಯಾರಪ್ಪನ ಆಸ್ತಿಯೂ ಅಲ್ಲ, ಒಪ್ಪಿದೆ. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದ ಹಾಗೆ, ಇನ್ನೂ ಬಾರದ ಮೂವರು ಗೆಳತಿಯರಿಗೆ ಮ್ಯಾಟ್ ಹಾಸಿಟ್ಟು ಕಾಯುವವರನ್ನು ಕಂಡರೆ ನನಗೂ ಆಗದು. ಆದರೆ ಮೊದಲ ಸಾಲಿಗೆ ಒಂದು ಕೆಲಸವಿದೆ. ಹಿಂದಿನವರಿಗೆ ಟ್ರೈನರ್ ಕಾಣದಿದ್ದಾಗ ಅವರು ನೋಡುವುದು ನಮ್ಮನ್ನು. ನಾನು ತಪ್ಪಿದರೆ ನನ್ನ ಬೆನ್ನಿಗಿರುವ ಮೂವರು ತಪ್ಪುತ್ತಾರೆ. ಸ್ಟೆಪ್ ಇನ್ನೂ ಕೂಡದವರು ಮೊದಲ ಸಾಲಿನ ನಟ್ಟನಡುವೆ ನಿಂತು, ಅರ್ಧ ಹಾಡಿಗೆ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟರೆ ಹಿಂದೆಯೂ ಎಲ್ಲ ಕೆಡುತ್ತದೆ.

ಆದರೆ ನೀವು ನಿಂತಿದ್ದು ಎರಡನೇ ಸಾಲು. ಅಲ್ಲಿ ಈ ನೆಪವೂ ನಡೆಯಲ್ಲ. ಆ ಅಕ್ಕನದ್ದು ಬರೀ ಅಭ್ಯಾಸಬಲ.

ಮೈಕ್_ಕಟ್ಟಿಕೊಂಡವಳು:

9 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಏರೋಬಿಕ್ಸ್, ಸ್ಟೆಪ್ (ಪುಟ್ಟ ಬೆಂಚ್ ಹತ್ತಿ ಇಳಿಯುವ ವ್ಯಾಯಾಮ), ಡ್ಯಾನ್ಸ್ ಫಿಟ್‌ನೆಸ್ ಎಲ್ಲ ಆಯಿತು. ಈ ಜಾಗದ ಜಗಳ ಬಿಡಿಸಿದಷ್ಟು ಸಲ ಮಂಡಿ ಬಗ್ಗಿಸಿ ಅಂತಲೂ ಹೇಳಿರಲಿಕ್ಕಿಲ್ಲ.

ಕೊನೇಸಾಲು ಅವರೇ, ಹೊಸಬರು ಮೊದಲು ಮಾಡುವ ತಪ್ಪೇ ಕೊನೇ ಸಾಲಿನ ಮೂಲೆ ಹಿಡಿಯುವುದು. ಒಂದು ಹಾಡಿನಲ್ಲಿ ಇಡೀ ಕ್ಲಾಸು ಹಿಂದಿನ ಗೋಡೆಯ ಕಡೆ ತಿರುಗಿತು ಅನ್ನಿ. ಈಗ ಮೊದಲ ಸಾಲು ಯಾರು? ನೀವೇ! ನೋಡಿಕೊಂಡು ಮಾಡೋಣ ಅಂದರೆ ಮುಂದೆ ಬರೀ ಗೋಡೆ. ಮೂಲೆಯಾದ್ದರಿಂದ ಪಕ್ಕಕ್ಕೂ ಸರಿಯುವ ಹಾಗಿಲ್ಲ. ಗ್ರೇಪ್‌ವೈನ್ ಅಂದರೆ ಬಲಕ್ಕೆ ಒಂದು ಹೆಜ್ಜೆ, ಎಡಗಾಲು ಹಿಂದಿನಿಂದ, ಮತ್ತೆ ಬಲಕ್ಕೆ, ಎಡಗಾಲು ಕೂಡಿಸು. ಅಷ್ಟರಲ್ಲಿ ನೀವು ನಿಂತ ಜಾಗದಿಂದ ಎರಡು ದೊಡ್ಡ ಹೆಜ್ಜೆ ದೂರ ಹೋಗಿರುತ್ತೀರಿ. ಗೋಡೆ ಬಿಡಬೇಕಲ್ಲ? ಎರಡನೇ ಅಥವಾ ಮೂರನೇ ಸಾಲಿನ ನಡುವೆ ನಿಂತರೆ ಯಾವ ಕಡೆ ತಿರುಗಿದರೂ ನೋಡಿಕೊಳ್ಳಲು ಒಬ್ಬರು ಸಿಗುತ್ತಾರೆ. ಮೊನ್ನೆ ನೀವು ಆರಿಸಿದ ಜಾಗ ಸರಿಯಾಗಿಯೇ ಇತ್ತು.

ನಿಂತ ಮೇಲೆ ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿ ನೋಡಿ. ಯಾರಿಗೂ ತಗುಲದಿದ್ದರೆ ಸಾಕು. ಮುಂದಿನವರ ಬೆನ್ನ ಹಿಂದೆಯೇ ನಿಲ್ಲಬೇಡಿ, ಇಬ್ಬರ ನಡುವಿನ ಸಂದಿಗೆ ನೇರವಾಗಿ ನಿಲ್ಲಿ. ಇನ್ನೊಂದು ಮಾತು, ಬೇಜಾರಾಗಬೇಡಿ. ಬಾಟಲಿ ಕಾಲ ಹತ್ತಿರ ಇಡಬಾರದು. ಅದರ ಮೇಲೆ ಕಾಲಿಟ್ಟು ಪಾದ ಉಳುಕಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಬಾಟಲಿ, ಟವೆಲ್, ಬ್ಯಾಗ್ ಎಲ್ಲ ಗೋಡೆ ಬದಿಗೆ.

ಈಗ ಮಾತಿನ ವಿಷಯ. "ನಾವು ಮೆಲ್ಲಗೇ ಮಾತಾಡ್ತೀವಲ್ಲ ಮೇಡಂ" ಅನ್ನುತ್ತಾರೆ. ಮುಂದಿನ ಸ್ಟೆಪ್ ಯಾವುದು ಅಂತ ನಾನು ಅದು ಬರುವ ಮುಂಚೆಯೇ ಕೂಗಬೇಕು. ಹೆಜ್ಜೆಗಳನ್ನು ಎಂಟೆಂಟಾಗಿ ಎಣಿಸುತ್ತೇವಲ್ಲ, ಆ ಎಂಟರ ಎಣಿಕೆಯ ಕೊನೆಯ ನಾಲ್ಕು ನನ್ನದು. "4, 3, 2, ಬಲಕ್ಕೆ!" ಹಾಡು ನಿಮಿಷಕ್ಕೆ 130 ಬೀಟ್ ಇದ್ದರೆ ಆ ನಾಲ್ಕು ಎಣಿಕೆ 2 ಸೆಕೆಂಡೂ ಇರುವುದಿಲ್ಲ. ಸರಿಯಾಗಿ ಆಗಲೇ ನಿಮ್ಮ ಅತ್ತೆಯ ವಿಷಯ ಬಂದರೆ ಹಿಂದಿನ ಸಾಲಿಗೆ ಬಲವೂ ಕೇಳಲ್ಲ, ಎಡವೂ ಕೇಳಲ್ಲ.

ಸ್ಟೆಪ್ ತಪ್ಪಿದರೆ ತಪ್ಪಲಿ ಬಿಡಿ. ನಾನೂ ತಪ್ಪುತ್ತೇನೆ. ನಿಂತಲ್ಲೇ ಮಾರ್ಚ್ ಮಾಡುತ್ತಿರಿ, ಮುಂದಿನ "1" ಬಂದಾಗ ಸೇರಿಕೊಳ್ಳಿ. ಸಟ್ಟನೆ ನಿಲ್ಲುವುದು, ಹಿಂದೆ ಯಾರಿದ್ದಾರೆ ಅಂತ ನೋಡದೆ ಹಿಂದಕ್ಕೆ ಸರಿಯುವುದು, ಇವೇ ಅಪಾಯ. ಸ್ಟೆಪ್ ಕ್ಲಾಸಿನಲ್ಲಂತೂ ಹಿಂದೆ ಇನ್ನೊಬ್ಬರ ಬೆಂಚ್ ಇರುತ್ತದೆ.

ಅಂದ ಹಾಗೆ, ನಿಮ್ಮ ಕಡೆ ಮುಖ ಮಾಡಿ ನಾನು "ಬಲಕ್ಕೆ" ಅಂದಾಗ ನಾನು ಹೋಗುವುದು ನನ್ನ ಎಡಕ್ಕೆ. ಕನ್ನಡಿಯ ಲೆಕ್ಕ ಅದು, ನಿಮಗೆ ಸುಲಭವಾಗಲಿ ಅಂತ. "ಮೇಡಂ, ನೀವೇ ತಪ್ಪು" ಅಂತ ದಯವಿಟ್ಟು ಕೂಗಬೇಡಿ.

ಓಡಿ_ಬರುವವ:

ನನ್ನ ಡ್ಯೂಟಿ ಮುಗಿಯುವ ಹೊತ್ತಿಗೇ ಕ್ಲಾಸ್ ಶುರು. ಎಷ್ಟೇ ಓಡಿದರೂ 8–10 ನಿಮಿಷ ತಡ. ಬಾಗಿಲು ತೆಗೆದ ಕೂಡಲೇ ಕನ್ನಡಿಯಲ್ಲಿ 20 ಜನ ನನ್ನನ್ನೇ ನೋಡುತ್ತಾರೆ. ನನ್ನಂಥವರು ಬರಲೇಬಾರದಾ?

ಎಂಟರ_ಎಣಿಕೆ:

ತಡವಾಗಿ ಬರೋದಕ್ಕಲ್ಲ ನೋಡೋದು. ತಡವಾಗಿ ಬಂದು, "ಸ್ವಲ್ಪ ಸರೀತೀರಾ" ಅಂತ ಸಾಲಿನ ನಡುವೆ ನುಗ್ಗೋದಕ್ಕೆ.

ಮೈಕ್_ಕಟ್ಟಿಕೊಂಡವಳು:

ಬನ್ನಿ, ಖಂಡಿತ ಬನ್ನಿ. ಟ್ರೈನರ್‌ಗೆ ಒಂದು ಸಲ ವಿಷಯ ಹೇಳಿಟ್ಟಿರಿ. ವಾರ್ಮಪ್ ಅನ್ನು ಹೊರಗೆ ಕಾರಿಡಾರಿನಲ್ಲೇ ಮಾಡಿಕೊಳ್ಳಿ. ಹಾಡು ನಡೆಯುತ್ತಿದ್ದರೆ ಬಾಗಿಲ ಬಳಿ ನಿಂತಿರಿ, ಬದಲಾಗುವಾಗ ಹಿಂಬದಿಯಿಂದ ಸೇರಿಕೊಳ್ಳಿ. ತಣ್ಣಗಿರುವ ಮೈಯಲ್ಲಿ ನೇರವಾಗಿ ಜಂಪ್‌ಗೆ ಇಳಿದು ಮೀನಖಂಡ ಹಿಡಿದುಕೊಂಡರೆ, ಕ್ಲಾಸು ನಿಲ್ಲಿಸಿ ಓಡಿ ಬರಬೇಕಾದವಳು ನಾನು.

ನನಗೆ ತಡವಾಗಿ ಬರುವವರಿಗಿಂತ ಬೇಗ ಹೋಗುವವರ ಮೇಲೆ ದೂರು ಜಾಸ್ತಿ. ಜೋರು ಹಾಡು ಮುಗಿಯಿತು ಅಂದರೆ ಬ್ಯಾಗ್ ಎತ್ತಿ ಹೊರಟರು. ಕುಣಿಯುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಕಾಲು ಆಡುತ್ತಿದ್ದರೆ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ತಟ್ಟಂತ ನಿಂತರೆ ಅದು ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ನನ್ನ ಕ್ಲಾಸಿನವರೊಬ್ಬರು ಲಿಫ್ಟ್ ಕಾಯುತ್ತಾ ನಿಂತವರು ಅಲ್ಲೇ ಗೋಡೆ ಹಿಡಿದು ಕುಸಿದು ಕೂತರು. ಹೋಗಲೇಬೇಕಾದರೆ ಮೊದಲೇ ಹೇಳಿ, ಬಾಗಿಲ ಹತ್ತಿರ ನಿಂತು, ಒಂದು ಹಾಡು ಮುಂಚೆ ಸಾಲಿನಿಂದ ಹೊರಬಂದು ನಾಲ್ಕೈದು ನಿಮಿಷ ನಿಧಾನಕ್ಕೆ ಓಡಾಡಿ ಹೊರಡಿ.

ಮಂಡಿ_ನೋವು:

ಮೇಡಂ, ನನ್ನ ತೊಂದರೆ ಬೇರೆ. ಜಂಪ್ ಇರುವ ಕಡೆ ನಾನು ಬರೀ ಹಿಮ್ಮಡಿ ಎತ್ತುತ್ತೇನೆ. ಪಕ್ಕದವರು ಪ್ರತಿ ಸಲ "ಕಮಾನ್, ನಿಮ್ಮ ಕೈಲಾಗುತ್ತೆ!" ಅಂತ ಹುರಿದುಂಬಿಸುತ್ತಾರೆ. ಒಳ್ಳೆ ಮನಸ್ಸೇ. ಆದರೆ ಡಾಕ್ಟರ್ ಬೇಡ ಅಂದಿದ್ದನ್ನು ನಾನು ಎಷ್ಟು ಜನರಿಗೆ ವಿವರಿಸಲಿ?

ಮೈಕ್_ಕಟ್ಟಿಕೊಂಡವಳು:

ಯಾರಿಗೂ ವಿವರಿಸಬೇಡಿ. ಕ್ಲಾಸ್ ಶುರುವಾಗುವ ಮುಂಚೆ ಟ್ರೈನರ್ ಒಬ್ಬರಿಗೆ ಹೇಳಿದರೆ ಸಾಕು. ಬಸುರಿಯರು, ಬಿಪಿ ಇರುವವರು, ಹೊಸದಾಗಿ ಆಪರೇಷನ್ ಆದವರು ಕೂಡ ಇದನ್ನೇ ಮಾಡಿ. ಪಕ್ಕದವರಿಗೆ ಹುರುಪು ತುಂಬುವ ಮನಸ್ಸಾದರೆ ತಮಗೇ ತುಂಬಿಕೊಳ್ಳಲಿ.

ಜೋಡಿ_ಹೆಜ್ಜೆ:

ಎಲ್ಲರೂ ಸಾಲಿನ ಬಗ್ಗೆಯೇ ಹೇಳ್ತಿದ್ದೀರಿ. ಜೋಡಿ ಡ್ಯಾನ್ಸಿನ ಕಥೆ ಬೇರೆಯೇ. ನಾನು ಸಾಲ್ಸಾ ಕಲಿಯುತ್ತಿದ್ದೇನೆ. ಅಲ್ಲಿ ಕೆಲವು ನಿಮಿಷಕ್ಕೊಮ್ಮೆ "ಬದಲಾಯಿಸಿ" ಅನ್ನುತ್ತಾರೆ, ಪಕ್ಕದವರ ಹತ್ತಿರ ಹೋಗಬೇಕು. ಒಂದೇ ಸಂಜೆ ಹತ್ತು ಹದಿನೈದು ಜನರ ಕೈ ಹಿಡಿಯುತ್ತೀರಿ. ಬೆವರು, ಬಾಯಿವಾಸನೆ, ಉಗುರು, ಉಂಗುರ, ವಾಚು, ಇವೆಲ್ಲ ಇನ್ನೊಬ್ಬರ ಮೈಗೆ ಸಂಬಂಧಿಸಿದ ವಿಷಯ ಆಗಿಬಿಡುತ್ತವೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಇನ್ನೊಂದು ಟೀ ಶರ್ಟ್ ಇರುತ್ತದೆ. ಕೈ ಹಿಡಿಯುವಾಗ ಹೆಬ್ಬೆರಳಿನಿಂದ ಒತ್ತಿ ಹಿಡಿಯಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟರು. ಬೆರಳು ಕೊಕ್ಕೆಯ ಹಾಗೆ ಸುಮ್ಮನೆ ಬಾಗಿರಬೇಕು. ಒತ್ತಿ ಹಿಡಿದರೆ ಎದುರಿನವರು ತಿರುಗುವಾಗ ಅವರ ಮಣಿಕಟ್ಟು ತಿರುಚಿಕೊಳ್ಳುತ್ತದೆ.

ನನ್ನ ದೊಡ್ಡ ತಪ್ಪು ಹೇಳುತ್ತೇನೆ. ಎರಡು ತಿಂಗಳು ಕಲಿತ ಕೂಡಲೇ ನನಗೆ ಎಲ್ಲ ಬಂದ ಹಾಗಾಯಿತು. ಹೊಸಬರೊಬ್ಬರು ಪ್ರತಿ ಸಲ ತಡವಾಗಿ ತಿರುಗುತ್ತಿದ್ದರು. "ನೀವು 5ಕ್ಕೆ ತಿರುಗಬೇಕು, 6ಕ್ಕಲ್ಲ" ಅಂತ ಶುರು ಮಾಡಿದೆ. ಎರಡು ಸಲ ತೋರಿಸಿಯೂ ಕೊಟ್ಟೆ. ಅವರು ಪಾಪ ಸುಮ್ಮನೆ ತಲೆ ಆಡಿಸಿದರು. ಟೀಚರ್ ಹಿಂದಿನಿಂದ ನೋಡುತ್ತಿದ್ದರು ಅಂತ ಕಾಣುತ್ತೆ. ಬಂದು ನನ್ನ ಮೊಣಕೈ ಮುಟ್ಟಿ, "ಅವರು 5ಕ್ಕೆ ತಿರುಗಬೇಕು ಅಂದ್ರೆ ನಿಮ್ಮ ಕೈ 3ಕ್ಕೇ ಮೇಲೇರಬೇಕು. ನೀವು ಎತ್ತುತ್ತಿರೋದು 5ಕ್ಕೆ" ಎಂದರು. ಇಡೀ ಸಾಲಿಗೆ ಕೇಳಿಸಿತು. ಆ ಹುಡುಗಿ ನಗಲಿಲ್ಲ, ಅದು ಅವರ ದೊಡ್ಡತನ. ನನ್ನ ಕಿವಿ ಮಾತ್ರ ಕ್ಲಾಸ್ ಮುಗಿಯುವವರೆಗೂ ಬಿಸಿಯಾಗಿಯೇ ಇತ್ತು.

ತಿರುಗಣಿ:

ಆ ಹುಡುಗಿ ನಾನಲ್ಲ. ಆದರೂ ಓದಿ ಖುಷಿಯಾಯಿತು!

ಒಂದೇ ಸಂಜೆ 5 ಜನ 5 ಥರ ತಿದ್ದಿದ್ದು ನನಗೂ ಆಗಿದೆ. ಒಬ್ಬರು ಹೆಜ್ಜೆ ಚಿಕ್ಕದು ಅಂದರು, ಮುಂದಿನವರು ದೊಡ್ಡದು ಅಂದರು. ಈಗ ಯಾರಾದರೂ ಪಾಠ ಶುರು ಮಾಡಿದರೆ, "ಟೀಚರ್‌ನ ಒಂದ್ಸಲ ಕೇಳೋಣ್ವಾ?" ಅನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಜನ ಅಲ್ಲಿಗೇ ಬಿಡುತ್ತಾರೆ. ಆದರೆ ನೋವಾದರೆ ಬಾಯಿ ಬಿಡಲೇಬೇಕು. "ಕೈ ಸ್ವಲ್ಪ ಸಡಿಲ ಬಿಡಿ, ನೋಯ್ತಿದೆ" ಅನ್ನುವುದು ತಿದ್ದುವುದಲ್ಲ.

ಮತ್ತೆ "ಈ ಹಾಡಿಗೆ ಬೇಡ, ಥ್ಯಾಂಕ್ಸ್" ಅಂದರೆ ಅಷ್ಟೇ. ಯಾಕೆ, ಏನು ಅಂತ ಕೇಳಬಾರದು. ಇಲ್ಲ ಅಂದವರೂ ಅದೇ ಹಾಡಿಗೆ ಓಡಿ ಹೋಗಿ ಇನ್ನೊಬ್ಬರ ಕೈ ಹಿಡಿಯದಿದ್ದರೆ ಚೆನ್ನ. ಅದೂ ಕಡ್ಡಾಯವೇನಲ್ಲ, ಯಾರಾದರೂ ಮೈಮೇಲೆ ಬೀಳುವವರಿದ್ದರೆ ಆ ಸೌಜನ್ಯವೂ ಬೇಕಿಲ್ಲ. ನೇರವಾಗಿ ಟೀಚರ್‌ಗೆ ಹೇಳಿ.

ಕನ್ನಡಿಗೆ_ಬೆನ್ನು:

ವಿಡಿಯೋ ಮಾಡುವವರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬರು ಫೋನನ್ನು ಕನ್ನಡಿಯ ಬುಡಕ್ಕೆ ಒರಗಿಸಿ ಪೂರ್ತಿ ಹಾಡು ರೆಕಾರ್ಡ್ ಮಾಡುತ್ತಿದ್ದರು. ಹಾಕಿದ್ದು ತಮ್ಮ ಪೇಜಿಗೆ, ತಮ್ಮ ಡ್ಯಾನ್ಸ್. ಹಿಂದೆ ಬೆವರು ಸುರಿಸಿಕೊಂಡು ತಪ್ಪು ಹೆಜ್ಜೆ ಹಾಕುತ್ತಿದ್ದವಳು ನಾನು. ಅದನ್ನು ನನ್ನ ಆಫೀಸಿನವರು ನೋಡಿ ನನಗೇ ಕಳಿಸಿದರು. ಕೇಳಿದ್ದಕ್ಕೆ "ನಿಮ್ಮನ್ನೇನು ತೆಗೆದಿಲ್ವಲ್ಲ, ನೀವೇ ಬಂದಿದೀರ" ಅಂದರು. ಈಗ ಟ್ರೈನರ್ ಒಂದು ದಾರಿ ಮಾಡಿದ್ದಾರೆ. ಕೊನೇ ಹಾಡು ಮುಗಿದ ಮೇಲೆ ವಿಡಿಯೋ ಬೇಕಾದವರು ಉಳಿದು ಇನ್ನೊಮ್ಮೆ ಕುಣಿಯುತ್ತಾರೆ, ಬೇಡವಾದವರು ಹೊರಡುತ್ತಾರೆ.

ಕನ್ನಡಿ ಅಂದಾಗ ನೆನಪಾಯಿತು. 1969ರಲ್ಲಿ ಶಿಕಾಗೋ ಹತ್ತಿರ ಜೂಡಿ ಶೆಪರ್ಡ್ ಮಿಸೆಟ್ ಎಂಬ ಡ್ಯಾನ್ಸ್ ಟೀಚರ್ ತಮ್ಮ ವಿದ್ಯಾರ್ಥಿಗಳನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದರು. ನಾನೇ ನಿಮ್ಮ ಕನ್ನಡಿ, ನನ್ನನ್ನು ನೋಡಿ ಕುಣಿಯಿರಿ ಅನ್ನುವ ಲೆಕ್ಕ. ಜಾಝರ್ಸೈಸ್ ಎಂಬ ಡ್ಯಾನ್ಸ್ ವ್ಯಾಯಾಮ ಹುಟ್ಟಿದ್ದು ಹಾಗೆ. ನನಗಂತೂ ಆ ಕ್ಲಾಸೇ ಸರಿ ಅನ್ನಿಸುತ್ತದೆ.

ಒರೆಸಿ_ಇಡಿ:

ನನ್ನದು ಒಂದೇ ಬೇಡಿಕೆ. ಮ್ಯಾಟ್ ಒರೆಸಿ ಇಡಿ. ಸೈಕಲ್ ಕ್ಲಾಸಿನವರು ಹ್ಯಾಂಡಲ್ಲೂ ಸೀಟೂ ಒರೆಸಿ. ಬೆವರಿನ ವಾಸನೆಯ ಪ್ರಶ್ನೆ ಅಲ್ಲ. ಒದ್ದೆ ಮ್ಯಾಟಿನಿಂದ ಹುಳಕಡ್ಡಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ನನಗೆ ಮೊಣಕೈಗೆ ಆಗಿ ವಾರಗಟ್ಟಲೆ ಮುಲಾಮು ಹಚ್ಚಿದ್ದೇನೆ. ಡಂಬೆಲ್ ತಂದವರು ಅದೇ ಸ್ಟ್ಯಾಂಡಿಗೆ ವಾಪಸ್ ಇಡಿ. ಬೇಕಾಗಬಹುದು ಅಂತ ಮೂರು ಜೊತೆ ಎತ್ತಿಟ್ಟುಕೊಂಡು ಒಂದನ್ನೇ ಬಳಸುವವರಿಗೆ ಏನು ಹೇಳೋಣ?

ಸೆಂಟ್ ಮೈತುಂಬ ಹೊಡೆದುಕೊಂಡು ಬರಬೇಡಿ. ಬೆವರಿನ ಮೇಲೆ ಸೆಂಟ್ ಇನ್ನೂ ಕೆಟ್ಟದು, ಉಬ್ಬಸ ಇರುವವರಿಗೆ ಉಸಿರೇ ಕಟ್ಟುತ್ತದೆ. ಅಯ್ಯೋ, ಒಂದೇ ಬೇಡಿಕೆ ಅಂದಿದ್ದೆ.

ಕಿವಿಗೆ_ಹತ್ತಿ:

ಸೌಂಡ್ ಕಡಿಮೆ ಮಾಡಿ ಅಂತ ಕೇಳಿದರೆ ಅದು ಒರಟುತನವಾ? ನಮ್ಮ ಟ್ರೈನರ್ ಮುಖ ಸಿಂಡರಿಸುತ್ತಾರೆ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. 100ಕ್ಕೆ ಬಂದರೆ 15 ನಿಮಿಷ. ಕ್ಲಾಸು ಒಂದು ಗಂಟೆ!

ಮೈಕ್_ಕಟ್ಟಿಕೊಂಡವಳು:

ಕೇಳಿ, ಒರಟುತನ ಅಲ್ಲ. ಆದರೆ ಹಾಡಿನ ಮಧ್ಯೆ ಕೈಸನ್ನೆ ಮಾಡಬೇಡಿ, ಮುಗಿದ ಮೇಲೆ ಬಂದು ಹೇಳಿ. ಸೌಂಡ್ ಜಾಸ್ತಿ ಇದ್ದಷ್ಟೂ ನಾವೂ ಕಿರುಚಬೇಕು. ವಾರದ ಕೊನೆಗೆ ನನ್ನ ಗಂಟಲು ನನ್ನದಾಗಿರುವುದಿಲ್ಲ.

ಹಾಡು_ಬದಲಾಯಿಸಿ:

ದಿನಾ ಅದದೇ ಹಾಡು ಅಂತ ಗೊಣಗುವವರಲ್ಲಿ ನಾನೂ ಒಬ್ಬ. ಆಮೇಲೆ ಗೊತ್ತಾಯಿತು, ಒಂದು ಹಾಡಿಗೆ ಸ್ಟೆಪ್ ಕೂಡಿಸಿ ಕಲಿಯಲು ಟ್ರೈನರ್‌ಗೆ ಎಷ್ಟು ಹೊತ್ತು ಬೇಕು ಅಂತ. ಜುಂಬಾ ಹುಟ್ಟಿದ ಕಥೆಯೇ ಹಾಡಿನದ್ದು. 90ರ ದಶಕದಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಬೆಟೊ ಪೆರೆಜ್ ಎಂಬ ಟ್ರೈನರ್ ತಮ್ಮ ಏರೋಬಿಕ್ಸ್ ಕ್ಲಾಸಿಗೆ ಟೇಪ್ ತರಲು ಮರೆತರು. ಬ್ಯಾಗಿನಲ್ಲಿದ್ದ ಸಾಲ್ಸಾ, ಮೆರೆಂಗೆ ಹಾಡುಗಳನ್ನೇ ಹಾಕಿ ಕ್ಲಾಸ್ ನಡೆಸಿದರು. ಆ ದಿನ ಯಾರಾದರೂ "ಸರ್, ಮಾಮೂಲಿ ಹಾಡು ಹಾಕಿ" ಅಂತ ಹಠ ಹಿಡಿದಿದ್ದರೆ ಏನಾಗುತ್ತಿತ್ತೋ.

ಎಡಗಿವಿ:

ಜಾಗದ ವಿಷಯಕ್ಕೆ ವಾಪಸ್ ಬರುತ್ತೇನೆ. ನನಗೆ ಎಡಗಿವಿ ಕೇಳಿಸುವುದಿಲ್ಲ. ಮೊದಲ ಸಾಲಿನ ಎಡತುದಿಯಲ್ಲಿ ನಿಂತರೆ ಬಲಗಿವಿ ಟ್ರೈನರ್ ಕಡೆಗಿರುತ್ತದೆ, ತುಟಿಯೂ ಕಾಣುತ್ತದೆ. ಬೇರೆಲ್ಲಿ ನಿಂತರೂ ನನಗೆ ಕ್ಲಾಸು ಅರ್ಧವೇ. ಆ ಜಾಗದಲ್ಲಿ ಯಾರಾದರೂ ನಿಂತಿದ್ದರೆ ಹೋಗಿ ಕಾರಣ ಹೇಳಿ, "ಇಲ್ಲಿ ನಿಲ್ಲಲಾ?" ಅಂತ ಕೇಳುತ್ತೇನೆ. ಇಲ್ಲಿಯವರೆಗೆ ಯಾರೂ ಆಗಲ್ಲ ಅಂದಿಲ್ಲ. ಆದರೆ ಒಂದು ದಿನವೂ "ನನ್ನ ಜಾಗ" ಅಂದಿಲ್ಲ ನಾನು.

ಮುಂದಿನ_ಸಾಲಿನವಳು:

ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು. ನನ್ನ ಹತ್ತಿರ ಹೇಳಲು ಅಂಥ ಕಾರಣವೇ ಇಲ್ಲ. ಆದರೂ ಒಂದು ಪ್ರಶ್ನೆ. ಕಾರಣ ಇದ್ದೂ ಹೇಳಿಕೊಳ್ಳಲು ಮುಜುಗರ ಪಡುವವರು ಇರುತ್ತಾರೆ. ಆ ಅಕ್ಕನೂ ಹಾಗೇ ಇರಬಹುದಲ್ವಾ?

ತಿರುಗಣಿ:

ಇರಬಹುದು. ಬಾಟಲಿಗೆ ಕಾಲು ಹಚ್ಚಲು ಏನು ಕಾರಣ ಇರಬಹುದು ಅಂತ ಮಾತ್ರ ಹೊಳೆಯುತ್ತಿಲ್ಲ.

ಮೈಕ್_ಕಟ್ಟಿಕೊಂಡವಳು:

ಕೊನೇಸಾಲು ಅವರೇ, ನೀವು ಅವರ ಜೊತೆ ವಾದಕ್ಕೆ ಇಳಿಯಬೇಡಿ. ಇದು ಟ್ರೈನರ್ ಕೆಲಸ. ಅರ್ಧ ಕ್ಲಾಸಿಗೆ ಸಾಲು ಬದಲಿಸಿ ಅಂತ ಕೇಳಿ. ಮೊದಲಿನವರು ಕೊನೆಗೆ, ಉಳಿದವರು ಒಂದೊಂದು ಸಾಲು ಮುಂದಕ್ಕೆ. ನೀರು ಕುಡಿಯುವ ಹೊತ್ತಿಗೆ ಮಾಡಿದರೆ ಅರ್ಧ ನಿಮಿಷದ ಕೆಲಸ. ಎಡಗಿವಿ ಅವರಂಥವರಿಗೆ ವಿನಾಯಿತಿ ಇರಲಿ, ಯಾಕೆ ಅಂತ ಎಲ್ಲರಿಗೂ ಹೇಳಬೇಕಾಗಿಲ್ಲ.

ಕೊನೇಸಾಲು:

10 ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಟ್ರೈನರ್‌ಗೆ ಮೆಸೇಜ್ ಮಾಡಿದೆ, ಯಾರ ಮೇಲೂ ದೂರು ಹೇಳಲಿಲ್ಲ. "ಹಿಂದೆ ಕಾಣಲ್ಲ, ಸಾಲು ಬದಲಾಯಿಸಬಹುದಾ?" ಅಂತ ಅಷ್ಟೇ. ಮೊದಲ ದಿನ ಅವರು ಮೈಕಿನಲ್ಲಿ ಹೇಳಿದಾಗ ಮುಂದಿನ ಎರಡೂ ಸಾಲಿನವರು ಕೇಳಿಸಲೇ ಇಲ್ಲ ಅನ್ನುವ ಹಾಗೆ ನೀರು ಕುಡಿಯುತ್ತಾ ನಿಂತರು. ಎರಡನೇ ದಿನ ಟ್ರೈನರ್ ತಾವೇ ಹಿಂದಿನ ಗೋಡೆಯ ಕಡೆ ನಡೆದು ಹೋಗಿ ಅಲ್ಲಿಂದ ಪಾಠ ಶುರು ಮಾಡಿಬಿಟ್ಟರು! ಎಲ್ಲರೂ ತಿರುಗಲೇಬೇಕಾಯಿತು. ನಾನು ಮೊದಲ ಸಾಲು. ಹೆದರಿಕೆಗೆ ಬಾಯಿ ಒಣಗಿತು. ಆದರೆ ಒಂದೂವರೆ ತಿಂಗಳಲ್ಲಿ ಮೊದಲ ಸಲ ಆ ತಿರುಗುವ ಸ್ಟೆಪ್ಪಿನಲ್ಲಿ ಅವರು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ತಿರುಗುವುದು ಕಂಡಿತು. ನಾನು ಇಷ್ಟು ದಿನ ಹಿಮ್ಮಡಿ ಊರಿ ತಿರುಗಿ ಮುಗ್ಗರಿಸುತ್ತಿದ್ದೆ.

ಆ ಅಕ್ಕ ಈಗ ಹಿಂದಿನವರಾಗಿದ್ದರು. ನೀರು ಕುಡಿಯುವಾಗ ನನ್ನ ಹತ್ತಿರ ಬಂದು, "ಅಯ್ಯೋ, ಅಲ್ಲಿಂದ ಕಾಲೇ ಕಾಣಲ್ವಲ್ಲಮ್ಮ!" ಎಂದರು.

ನಾನು "ಹೌದಕ್ಕ" ಅಂದೆ. ಮುಂದಿನ ಕ್ಲಾಸಿಗೆ ಅವರು ಮತ್ತೆ ಎರಡನೇ ಸಾಲಿನ ನಡುವೆಯೇ ನಿಂತಿದ್ದರು. ಆದರೆ ನಾನು ಬಂದಿದ್ದನ್ನು ಕನ್ನಡಿಯಲ್ಲಿ ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಎಂಟರ_ಎಣಿಕೆ:

ಬಾಟಲಿ ಈ ಸಲ ಎಲ್ಲಿಟ್ರಿ?

ಕೊನೇಸಾಲು:

ಗೋಡೆ ಬದಿಗೆ. ಬ್ಯಾಗಿನೊಳಗೆ. ಜಿಪ್ ಹಾಕಿ.